ಬೀಗ ಕಾಣದ ಬಾಗಿಲು

ಗಿರಣಿಯಕ್ಕ ಮತ್ತು ಆಕೆಯ ಗಂಡ, ಬಡಗಿ, ಬೆಟ್ಟಕ್ಕೆ ಹೊರಟ ಶನಿವಾರ ಬೆಳಿಗ್ಗೆ ಮೊದಲು ಎದುರಾದ ತೊಂದರೆಯೆಂದರೆ ಮನೆಗೆ ಬೀಗವೇ ಇರಲಿಲ್ಲ. ಕಳೆದುಹೋಗಿತ್ತು ಎಂದಲ್ಲ, ಇರಲೇ ಇಲ್ಲ. ಕಪಾಟಿನ ತಲೆಯ ಮೇಲೆ ಹುಡುಕಿದ್ದಾಯಿತು, ಬಡಗಿಯ ಸಾಮಾನಿನ ಪೆಟ್ಟಿಗೆಯನ್ನು ಬೋರಲು ಹಾಕಿದ್ದಾಯಿತು. ಕೊನೆಗೆ ಬಾಗಿಲ ಬಳಿ ಚೀಲ ಹಿಡಿದು ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡಾಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಈ ಮನೆಗೆ ಬಂದಾಗಿನಿಂದ ಹೊರಗಿನಿಂದ ಬೀಗ ಹಾಕುವ ಪ್ರಸಂಗವೇ ಬಂದಿರಲಿಲ್ಲ. ಒಳಗೆ ಯಾವಾಗಲೂ ಯಾರಾದರೊಬ್ಬರು ಮಲಗಿರುತ್ತಿದ್ದರು.

ಬಡಗಿ ಓಡಿಹೋಗಿ ಬೀದಿಯ ಕೊನೆಯ ಅಂಗಡಿಯಿಂದ ಹೊಸ ಬೀಗ ತಂದ. ಊರವರ ಬಾಗಿಲಿಗೆಲ್ಲ ಚಿಲಕ ಕೂರಿಸಿಕೊಡುವ ಮನುಷ್ಯ ತನ್ನ ಬಾಗಿಲಿಗೆ ಬೀಗ ಹಾಕುವಾಗ ಕಳ್ಳನ ಹಾಗೆ ಆಚೀಚೆ ನೋಡಿದ. ಬೀಗದ ಜೊತೆ ಬಂದ ಎರಡು ಕೀಲಿಕೈಗಳನ್ನೂ ಒಂದೇ ಉಂಗುರಕ್ಕೆ ಪೋಣಿಸಿ ಜೇಬಿಗಿಳಿಸಿದ. ಎದುರುಮನೆಯಾಕೆ ಬಿಡುವಳೇ? ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಅಯ್ಯೋ, ಅಮಾವಾಸ್ಯೆ ಹುಣ್ಣಿಮೆ ಎರಡೂ ಒಟ್ಟಿಗೆ ಹೊರಟಿದೆಯಲ್ಲಪ್ಪಾ!" ಎಂದಳು. ಬೀದಿಯಲ್ಲಿ ಈ ಜೋಡಿಗೆ ಅದೇ ಹೆಸರು.

ಇದನ್ನು ಕೇಳಿ ಹುಬ್ಬೇರಿಸುವವರಿಗೆ ಪಾಳಿಯ ಸಂಸಾರ ಗೊತ್ತಿಲ್ಲ ಎಂದೇ ಲೆಕ್ಕ. ಆಕೆ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ. ಸಾಲಾಗಿ ತಿರುಗುವ ನೂಲಿನ ಉಂಡೆಗಳ ನಡುವೆ ಓಡಾಡುತ್ತ ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕುವುದು ಕೆಲಸ. ಆತ ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಗರಗಸದ ಯಂತ್ರದ ಮುಂದೆ, ಹಗಲು. ಮಗಳು ಎಳೆಗೂಸಾಗಿದ್ದಾಗ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಒಂದು ವರ್ಷ ಹೀಗೆ ತಳ್ಳೋಣ ಎಂದುಕೊಂಡರು. ತಳ್ಳಿದ್ದೇ ತಳ್ಳಿದ್ದು. ಮಗಳು ನಡೆದಳು, ಓದಿದಳು, ಈಗ ಬೇರೆ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವರ ಪಾಳಿ ಮಾತ್ರ ಹಾಗೆಯೇ ಉಳಿಯಿತು. ವಾರದ ರಜೆಯೂ ಒಂದಾಗಲಿಲ್ಲ. ಆತನಿಗೆ ಭಾನುವಾರ, ಆಕೆಗೆ ಬುಧವಾರ. ಭಾನುವಾರ ಹಗಲು ಆಕೆ ಮಲಗಿರುವಳು, ಬುಧವಾರ ರಾತ್ರಿ ನಿದ್ದೆ ಹತ್ತದೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಮಾಡುತ್ತ ಬೆಳಗು ಮಾಡುವಳು.

ದಿನಕ್ಕೆ ಎರಡು ಸಲ ಬಾಗಿಲಲ್ಲಿ ಭೇಟಿ. ಸಂಜೆ ಆಕೆ ಹೊರಗೆ, ಆತ ಒಳಗೆ. ಬೆಳಿಗ್ಗೆ ಆತ ಹೊರಗೆ, ಆಕೆ ಒಳಗೆ. ಉಳಿದ ಸಮಾಚಾರವನ್ನೆಲ್ಲ ಅಡುಗೆಮನೆಯ ಸಾಮಾನುಗಳೇ ಹೇಳುತ್ತಿದ್ದವು. ಒಲೆಯ ಮೇಲೆ ಲೋಟ ಬೋರಲಾಗಿದ್ದರೆ ಊಟವಾಗಿದೆ ಎಂದರ್ಥ. ಹೊಸ್ತಿಲಲ್ಲಿ ಚಪ್ಪಲಿ ತಿರುಗಿಸಿಟ್ಟಿದ್ದರೆ ಮಗುವಿಗೆ ಮೈ ಬಿಸಿ, ಸದ್ದು ಮಾಡಬೇಡ ಎಂದು. ಇನ್ನು ಚಳಿಗಾಲದಲ್ಲಿ ಬಡಗಿ ಎದ್ದ ಕೂಡಲೇ ಹೊದಿಕೆಯನ್ನು ತಾನು ಮಲಗಿದ್ದ ಜಾಗದ ಮೇಲೆ ಎಳೆದು, ಅದರ ಮೇಲೆ ಎರಡೂ ದಿಂಬು ಹೇರಿ, ಶಾಖ ಓಡಿಹೋಗದಂತೆ ಕಟ್ಟಿಹಾಕುತ್ತಿದ್ದ. ಗಿರಣಿಯಕ್ಕ ಬಂದು ಕೈಕಾಲು ತೊಳೆದು ಆ ಗೂಡಿನೊಳಗೆ ನುಸುಳುವಳು. ಬೇಸಿಗೆಯಲ್ಲಾದರೆ ದಿಂಬು ಮಗುಚಿ, ತಣ್ಣನೆಯ ಮಗ್ಗುಲು ಮೇಲೆ ಮಾಡಿಟ್ಟಿರುತ್ತಿದ್ದ. ಇಷ್ಟಕ್ಕಿಂತ ಹೆಚ್ಚಿನ ಸರಸವನ್ನು ಅವರ ಮನೆಯ ಗೋಡೆಗಳು ಕಂಡಿದ್ದು ಕಡಿಮೆ.

ಆ ಶನಿವಾರ ಬೆಳಿಗ್ಗೆ ಪಾಳಿ ಮುಗಿಸಿ ಹೊರಡುವಾಗ ಮೇಲ್ವಿಚಾರಕಿ ಆಕೆಯನ್ನು ನಿಲ್ಲಿಸಿಕೊಂಡಿದ್ದಳು. "ಹಗಲು ಪಾಳೀಲಿ ಒಂದು ಜಾಗ ಖಾಲಿ ಆಗ್ತಿದೆ. ನಿನ್ನ ಕಣ್ಣು ನೋಡಿದ್ರೆ ನನಗೇ ಸಂಕಟ ಆಗುತ್ತೆ. ಬೇಕೋ ಬೇಡ್ವೋ ಸೋಮವಾರ ಹೇಳ್ಬಿಡು. ಆಮೇಲೆ ಕೇಳಿದ್ರೆ ನನ್ನ ಕೈಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಹೂಂ ಎನ್ನುತ್ತಿದ್ದರು. ಗಿರಣಿಯಕ್ಕ ಮಾತ್ರ ತಲೆ ತಗ್ಗಿಸಿ ಬಂದಳು. ರಾತ್ರಿ ನಿದ್ದೆಗೆಟ್ಟು ಆಕೆಯ ಮೂಳೆಮೂಳೆಯೂ ಸೋತಿದ್ದದ್ದು ನಿಜ. ಆದರೆ ಹಗಲು ಪಾಳಿ ಹಿಡಿದರೆ ರಾತ್ರಿಯೆಲ್ಲ ಆ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಇರಬೇಕು. ಬೀದಿಯಲ್ಲಿ ಗಂಡ ಹೆಂಡತಿ ಜಗಳವಾಡದ ಮನೆ ನಮ್ಮದೊಂದೇ ಎಂದು ಆಕೆಗೆ ಒಳಗೊಳಗೇ ಹೆಮ್ಮೆಯಿತ್ತು. ಜಗಳವಾಡಲು ಪುರಸೊತ್ತೇ ಇರಲಿಲ್ಲ ಎಂಬುದೂ ಗೊತ್ತಿತ್ತು. ಮಗಳು ಮನೆ ಬಿಟ್ಟ ಮೇಲೆ ಪಾಳಿಗೆ ಕಾರಣವೇ ಇರಲಿಲ್ಲ. ಆದರೂ ಒಂದು ದಿನವೂ ಆತ "ಬದಲಾಯಿಸಿಕೋ" ಎನ್ನಲಿಲ್ಲ. ಹೀಗೆಯೇ ಆತನಿಗೆ ಹಿತವಾಗಿದೆಯೇನೋ ಎಂಬ ಹುಳು ಆಕೆಯ ತಲೆಯಲ್ಲಿ ಆಗಿನಿಂದ ಕೊರೆಯುತ್ತಿತ್ತು. ಸರಿ, ಈ ಎರಡು ದಿನ ಹೇಗೂ ಜೊತೆಗಿರುತ್ತೇವೆ, ಆಗುತ್ತದೋ ಇಲ್ಲವೋ ನೋಡಿಯೇ ಬಿಡೋಣ ಎಂದುಕೊಂಡಳು. ಗಂಡನಿಗೆ ಏನೂ ಹೇಳಲಿಲ್ಲ.

ಬೆಟ್ಟದ ಏರ್ಪಾಡು ಮಗಳದ್ದು. ಗಿರಣಿಯಲ್ಲಿ ಮೋಟಾರು ಬದಲಾಯಿಸಲು ಎರಡು ದಿನ ರಜೆ ಎಂದು ತಿಳಿದದ್ದೇ ತಡ, ಫೋನು ಮಾಡಿ, "ಅಮ್ಮಾ, ಇಬ್ರೂ ಹೋಗಿ ಬನ್ನಿ. ವಸಂತ ಕಾಲ, ಬೆಟ್ಟದ ಮೇಲೆಲ್ಲಾ ಹೂವು. ತೆಳ್ಳಗಿರೋ ಬಟ್ಟೆ ಸಾಕು," ಎಂದಿದ್ದಳು. ಬಡಗಿ ಶನಿವಾರಕ್ಕೆ ರಜೆ ಹಾಕಿದ. ಅಮ್ಮ ಬಟ್ಟೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಉಣ್ಣೆಯ ಬಟ್ಟೆಗಳೆಲ್ಲ ಆಗಲೇ ತೊಳೆದು ಮಡಿಸಿ ಪೆಟ್ಟಿಗೆ ಸೇರಿದ್ದವು.

ಬಸ್ಸಿನಲ್ಲಿ ಆಕೆಗೆ ಗೊತ್ತಾದ ಮೊದಲ ವಿಷಯ, ತನ್ನ ಗಂಡನ ಗಂಟಲು ಇಷ್ಟು ದೊಡ್ಡದು ಎಂದು. ಮನೆಯಲ್ಲಿ ಆತ ಮಾತಾಡಿದ್ದೆಲ್ಲ ಪಿಸುಮಾತು, ಯಾಕೆಂದರೆ ಯಾರಾದರೂ ಮಲಗಿರುತ್ತಿದ್ದರು. ಗರಗಸದ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡ ಆ ಮನುಷ್ಯ ಹೊರಗೆ ಮಾತಾಡಿದರೆ ಮುಂದಿನ ಬಸ್ಸಿನವರೂ ತಿರುಗಿ ನೋಡಬೇಕು. ಪಕ್ಕದ ಸೀಟಿನವನಿಗೆ ಬೀಗದ ಕಥೆ ಹೇಳಿದ, ಕಿಟಕಿಯ ಚೌಕಟ್ಟು ಎಷ್ಟು ಕೆಟ್ಟದಾಗಿದೆಯೆಂದು ಚಾಲಕನಿಗೆ ಕೂಗಿ ಹೇಳಿದ. ಆಕೆಯ ಕಥೆ ತಿರುಗಾಮುರುಗಾ. ಗಿರಣಿಯ ಗದ್ದಲದಲ್ಲಿ ಹೆಂಗಸರು ಧ್ವನಿ ಎತ್ತುವ ಗೋಜಿಗೇ ಹೋಗುವುದಿಲ್ಲ. ತುಟಿ ಅಲ್ಲಾಡಿಸಿದರೆ ಸಾಕು, ಎದುರಿನವರು ಓದಿಕೊಳ್ಳುತ್ತಾರೆ. ಆ ಅಭ್ಯಾಸ ಮೈಗಂಟಿತ್ತು.

"ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದು ಆಕೆ ತುಟಿ ಅಲ್ಲಾಡಿಸಿದಳು.

"ಏನು? ವಾಂತಿ ಬರುತ್ತಾ?" ಎಂದು ಆತ ಕೂಗಿದ. ಬಸ್ಸು ನಿಂತೇಬಿಟ್ಟಿತು.

ಆಮೇಲೆ ದಾರಿಯುದ್ದಕ್ಕೂ ಗಿರಣಿಯಕ್ಕ ಕಣ್ಣು ಮುಚ್ಚಿ ಕುಳಿತಳು. ನಿದ್ದೆ ಎಳೆದು ಎಳೆದು ತಲೆ ಗಾಜಿಗೆ ಬಡಿಯುತ್ತಿತ್ತು, ಆದರೆ ಪ್ರತಿ ತಿರುವಿಗೂ ಪಕ್ಕದ ಗಂಟಲು ಅದನ್ನು ಓಡಿಸುತ್ತಿತ್ತು.

ಬೆಟ್ಟದ ಮೇಲಿಳಿದಾಗ ಗಾಳಿ ಮುಖಕ್ಕೆ ರಾಚಿತು. ಹೂವು ಇದ್ದವು, ಸುಳ್ಳಲ್ಲ. ಎಲ್ಲವೂ ಕತ್ತು ಬಗ್ಗಿಸಿ ನೆಲ ನೋಡುತ್ತಿದ್ದವು, ದಳಗಳ ಮೇಲೆ ಹಿಮದ ಕಾಳು. ವಸತಿಗೃಹದ ಯಜಮಾನಿ ಎರಡು ಸ್ವೆಟರು ಒಂದರ ಮೇಲೊಂದು ತೊಟ್ಟುಕೊಂಡು ಬಾಗಿಲು ತೆಗೆದಳು. ಇವರ ತೆಳುಬಟ್ಟೆ ನೋಡಿ ಬಾಯಿ ತುಂಬ ಮರುಗಿದಳು. "ನಿನ್ನೆವರೆಗೂ ಬಿಸಿಲಿತ್ತು ಕಣ್ರೀ. ಈ ಕಾಲದಲ್ಲಿ ಇಂಥ ಚಳಿ ನಾನು ಕಂಡಿಲ್ಲ. ತಂತಿ ಕಡಿದು ಕರೆಂಟೂ ಹೋಗಿದೆ. ಇನ್ನೊಂದು ಕಂಬಳಿ ಕೊಡ್ತೀನಿ, ಅಷ್ಟೇ ನನ್ನ ಹತ್ರ ಇರೋದು."

ಕೋಣೆ ಚಿಕ್ಕದು. ಒಂದು ಮಂಚ, ಒಂದು ಕುರ್ಚಿ, ಕಣಿವೆಯ ಕಡೆಗೆ ಅಗಲವಾದ ಕಿಟಕಿ. ಗಿರಣಿಯಕ್ಕ ಒಳಗೆ ಬಂದವಳೇ ಮಾಡಿದ ಮೊದಲ ಕೆಲಸ ಪರದೆ ಎಳೆದದ್ದು. ಬೆಳಕಿದ್ದರೆ ಪರದೆ ಎಳೆದು ಮಲಗುವುದಷ್ಟೇ ಆಕೆಯ ಕೈಗೆ ಗೊತ್ತು. ಬಡಗಿ ಬಂದವನೇ ಪರದೆ ಸರಿಸಿದ. "ಇದನ್ನ ನೋಡೋಕೇ ಅಲ್ವಾ ಬಂದಿರೋದು?" ನೋಡಲು ಏನೂ ಇರಲಿಲ್ಲ, ಮಂಜು. ಆದರೂ ಆಕೆ ಎಳೆಯುವುದು, ಆತ ಸರಿಸುವುದು ಮೂರ್ನಾಲ್ಕು ಸಲ ನಡೆದು, ಕೊನೆಗೆ ಬಡಗಿ ಕಿಟಕಿಯ ಚೌಕಟ್ಟಿನ ಸಂದಿಯಲ್ಲಿ ಬೆರಳಾಡಿಸುತ್ತ, "ಅಳತೆ ತಪ್ಪಿದ್ದಾನೆ, ಗಾಳಿ ಇಲ್ಲಿಂದ್ಲೇ ಬರ್ತಿದೆ," ಎಂದು ತನ್ನ ಲೋಕಕ್ಕೆ ಹೋಗಿಬಿಟ್ಟ. ಹಳೆಯ ಕಾಗದ ಮಡಿಸಿ ಸಂದಿಗೆಲ್ಲ ತುರುಕುತ್ತ ಕೂತವನು ಚಹಾ ತಣ್ಣಗಾದದ್ದನ್ನೂ ನೋಡಲಿಲ್ಲ. ರಜೆಗೆ ಬಂದು ದುಡಿಮೆ ಮಾಡುವವರನ್ನು ಏನೆನ್ನುವುದು?

ಮಧ್ಯಾಹ್ನ ಬಿಸಿ ಸೂಪು, ಬ್ರೆಡ್ಡು. ಆಕೆ ತಟ್ಟೆಯ ಮುಂದೆಯೇ ಆಕಳಿಸಿದಳು, ಒಂದಾದ ಮೇಲೊಂದು. ಕಣ್ಣಲ್ಲಿ ನೀರು ತುಂಬಿತು. ಹಿಂದಿನ ರಾತ್ರಿ ಪಾಳಿಯಲ್ಲಿ ಕಳೆದು, ಬೆಳಿಗ್ಗೆ ಬೀಗ ಹುಡುಕಿ, ಬಸ್ಸು ಹತ್ತಿ ಬಂದ ಹೆಂಗಸು ಇನ್ನೇನು ಮಾಡಬೇಕು? ಬಡಗಿಗೆ ಮಾತ್ರ ಆ ಹೊತ್ತಿನಲ್ಲಿ ಉತ್ಸಾಹ ಉಕ್ಕುವ ಕಾಲ. ಶಿಖರದ ತುದಿಗೆ ಹೋಗಲೇಬೇಕೆಂದು ಹಠ ಹಿಡಿದ.

ಹೋದರು. ಮಗಳ ಮಾತಿನಂತೆ ತಂದ ತೆಳು ಶಾಲನ್ನು ಆಕೆ ತಲೆಗೆ ಸುತ್ತಿಕೊಂಡಳು. ಆತ ಮಂಚದ ಮೇಲಿನ ಹಾಸನ್ನೇ ಹೊದ್ದು ಹೊರಟ. ದಾರಿಯಲ್ಲಿ ಕಲ್ಲು ಬೆಂಚುಗಳಿದ್ದವು, ಎಲ್ಲವೂ ಒದ್ದೆ. ತುದಿಯಲ್ಲಿ ಕಬ್ಬಿಣದ ಕಟಕಟೆ, ಅದರಾಚೆ ಬಿಳಿ. ಕಣಿವೆಯಿಲ್ಲ, ಊರಿಲ್ಲ, ನದಿಯಿಲ್ಲ. ಸುಣ್ಣ ಬಳಿದ ಗೋಡೆಯ ಮುಂದೆ ನಿಂತ ಹಾಗೆ ಇಬ್ಬರೂ ನಿಂತರು. ಆಕೆಯ ಹಲ್ಲು ಕಟಕಟ ಎನ್ನುತ್ತಿತ್ತು.

"ನಿಮ್ಮ ಹಠಕ್ಕೆ ಬಂದಿದ್ದಾಯ್ತು. ಏನ್ ಕಾಣ್ತಿದೆ, ಹೇಳಿ?" ಆಕೆಯ ಧ್ವನಿ ಈ ಸಲ ತಾನಾಗಿ ಮೇಲೇರಿತು.

"ನನ್ನ ಹಠಾನಾ? ನಿನ್ನ ಮಗಳದ್ದು. ಹೂವು ಅಂತೆ, ಬಿಸಿಲು ಅಂತೆ."

"ನಿದ್ದೆ ಇಲ್ದೇ ಸಾಯ್ತಿದೀನಿ. ಒಂದು ಗಂಟೆ ಮಲಗೋಕೆ ಬಿಟ್ರಾ?"

"ಹಗಲು ಹೊತ್ತಲ್ಲಿ ಯಾರಾದ್ರೂ ಮಲಗ್ತಾರಾ?" ಎಂದುಬಿಟ್ಟ ಬಡಗಿ. ಅಂದ ಮೇಲೆ ತಾನು ಏನೆಂದೆ ಎಂದು ಗೊತ್ತಾಗಿ ಕಟಕಟೆಯ ತುಕ್ಕನ್ನು ಉಗುರಿನಿಂದ ಕೆರೆಯತೊಡಗಿದ. ಆಮೇಲೆ ಸಮಾಧಾನ ಮಾಡುವ ಹಾಗೆ ಹೇಳಿದ: "ಇದೆಲ್ಲಾ ನಮಗ್ಯಾಕೆ ಬೇಕಿತ್ತು? ಮನೇಲಿ ನಾವಿಬ್ರೂ ಎಷ್ಟು ಚೆನ್ನಾಗಿದ್ವಿ."

ಅವನ ಮನಸ್ಸಿನಲ್ಲಿ ಇದ್ದದ್ದು ಬೆಚ್ಚನೆಯ ಮನೆ, ಗಾಳಿ ನುಗ್ಗದ ಕಿಟಕಿ, ಅಷ್ಟೇ. ಆಕೆಗೆ ಕೇಳಿಸಿದ್ದು ಬೇರೆ. ಮನೆಯಲ್ಲಿ ಚೆನ್ನಾಗಿದ್ದೆವು ಎಂದರೆ ಏನು? ದಿನಕ್ಕೆ ಎರಡು ಸಲ ಬಾಗಿಲಲ್ಲಿ ನೋಡುವುದಷ್ಟೇ ಚೆನ್ನ ಎಂದಲ್ಲವೇ? ಹುಳುವಿಗೆ ಉತ್ತರ ಸಿಕ್ಕಿತು ಎಂದುಕೊಂಡಳು. ಸೋಮವಾರ ಮೇಲ್ವಿಚಾರಕಿಗೆ ಬೇಡವೆಂದು ಹೇಳಿಬಿಡುವುದು. ವಾಪಸು ಬರುವಾಗ ಆಕೆ ಮುಂದೆ ಮುಂದೆ ನಡೆದಳು. ಆತ ಹಿಂದೆ ಹಾಸು ಎಳೆದುಕೊಳ್ಳುತ್ತ ಬಂದ.

ಕರೆಂಟು ಬರಲೇ ಇಲ್ಲ. ಮೋಡ ಮುಚ್ಚಿ ಬೇಗನೆ ಕತ್ತಲಾಯಿತು, ಹಗಲು ಇನ್ನೂ ಪೂರ್ತಿ ಮುಗಿದಿರಲಿಲ್ಲ. ಯಜಮಾನಿ ಕೊಟ್ಟ ಮೇಣದಬತ್ತಿ ಹಚ್ಚಿ ಗಿರಣಿಯಕ್ಕ ಕುರ್ಚಿಯಲ್ಲಿ ಕಾಲು ಮಡಿಸಿ ಕೂತಳು. ಈಗ ನೋಡಿದರೆ ನಿದ್ದೆ ಮಾಯ. ಗಿರಣಿಗೆ ಹೊರಡುವ ಹೊತ್ತು ಬಂತೆಂದರೆ ಆಕೆಯ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ, ಮೈ ಎಷ್ಟೇ ಸೋತಿರಲಿ. ಮಡಿಲಲ್ಲಿ ಬೆರಳುಗಳು ಇಲ್ಲದ ಎಳೆಗೆ ಗಂಟು ಹಾಕುತ್ತಿದ್ದವು. ಬಡಗಿ ಮಂಚ ಹತ್ತಿ, ಕಂಬಳಿ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಮುದುಡಿದ. ಹಾಸಿಗೆ ಮಂಜುಗಡ್ಡೆಯ ಹಾಗಿತ್ತೆಂದು ಕಾಣುತ್ತದೆ, ಹಾ ಎಂದು ಉಸಿರೆಳೆದದ್ದು ಕೇಳಿಸಿತು. ಎಷ್ಟು ಬೇಗ ಮಲಗಿದರು ನೋಡು, ನನ್ನ ಗೊಡವೆಯೇ ಬೇಡವಾಗಿದೆ ಎಂದು ಆಕೆ ಮನಸ್ಸಿನಲ್ಲೇ ಹಲುಬಿದಳು.

ಮೇಣದಬತ್ತಿ ಒಂದು ಬೆರಳಿನಷ್ಟು ಕರಗಿರಬೇಕು. ಬಡಗಿ ಎದ್ದ. ಎದ್ದವನೇ ಕಂಬಳಿಯನ್ನು ತಾನು ಮಲಗಿದ್ದ ಜಾಗದ ಮೇಲೆ ಸರಕ್ಕನೆ ಎಳೆದು, ಎರಡೂ ದಿಂಬು ಮೇಲೆ ಹೇರಿ, ಅಂಗೈಯಿಂದ ಒತ್ತಿದ. ಅಂಗಿಯ ಗುಂಡಿ ಹಾಕಿಕೊಂಡ. ಮಂಚದ ಕೆಳಗಿನಿಂದ ಒಂದು ಬೂಟು ಎಳೆದು ಕಾಲಿಗೆ ಹಾಕಿಕೊಂಡ.

"ಬಾ, ಮಲಗು," ಎಂದ. ಮನೆಯ ಪಿಸುಮಾತು, ದಿನವಿಡೀ ಕೇಳಿರದ ಧ್ವನಿ. "ಬಿಸಿಯಾಗಿದೆ. ಆರಿ ಹೋಗೋ ಮುಂಚೆ ಬಾ."

"ನೀವು ಎಲ್ಲಿಗೆ ಹೊರಟಿದ್ದು?"

ಬಡಗಿ ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು, ಹಾಗೆಯೇ ನಿಂತ. ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ಎಲ್ಲಿಗೂ ಹೋಗುವುದಿರಲಿಲ್ಲ. ಮುಖದಲ್ಲಿ ಪೆಚ್ಚುನಗೆ ಮೂಡಿತು. "ಅದೇ ಗೊತ್ತಾಗ್ತಿಲ್ಲ," ಎಂದ.

ಗಿರಣಿಯಕ್ಕನಿಗೆ ನಗು ಬಂತು. ಬಾಯಿಗೆ ಶಾಲು ಒತ್ತಿಕೊಂಡು ನಕ್ಕಳು, ಆತನೂ ನಕ್ಕ. ನಗುತ್ತ ನಗುತ್ತ ಆಕೆಯ ಕಣ್ಣು ಆ ದಿಂಬುಗಳ ಮೇಲೆ ನಿಂತುಬಿಟ್ಟಿತು. ಆತ ಮಲಗುವಾಗ ಹಾ ಎಂದು ಉಸಿರೆಳೆದದ್ದು ನೆನಪಾಯಿತು. ಮನೆಯಲ್ಲಿ ತಾನು ಏಳುವುದು ಮಧ್ಯಾಹ್ನವೇ. ಆತ ಮಲಗುವುದು ರಾತ್ರಿ. ಅಷ್ಟು ಹೊತ್ತಿಗೆ ಹಾಸಿಗೆಯಲ್ಲಿ ಯಾರ ಶಾಖ ಉಳಿದಿರುತ್ತದೆ? ಇಷ್ಟು ಚಳಿಗಾಲ ಕಳೆದರೂ ಇದು ಒಂದು ಸಲವೂ ತನ್ನ ತಲೆಗೆ ಬರಲಿಲ್ಲವಲ್ಲ.

"ರೀ," ಎಂದಳು, "ರಾತ್ರಿ ನೀವು ಮಲಗೋವಾಗ ನಮ್ಮ ಹಾಸಿಗೆ ತಣ್ಣಗಿರುತ್ತೆ ಅಲ್ವಾ?"

"ಇರುತ್ತೆ. ಸ್ವಲ್ಪ ಹೊತ್ತು."

"ಒಂದಿನಾನೂ ಹೇಳ್ಲಿಲ್ಲ."

"ಯಾರಿಗೆ ಹೇಳ್ಲಿ? ನೀನೆಲ್ಲಿರ್ತಿದ್ದೆ?"

ಆ ಮಾತಿನಲ್ಲಿ ದೂರು ಇರಲಿಲ್ಲ. ಮರ ಎಷ್ಟು ಉದ್ದವಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ. ದೂರಿದ್ದರೆ ಗಿರಣಿಯಕ್ಕ ತಿರುಗಿಸಿ ಕೊಡುತ್ತಿದ್ದಳು. ಇರಲಿಲ್ಲವಾದ್ದರಿಂದ ಆಕೆಗೆ ಅಳು ಬಂತು. ಕುರ್ಚಿಯಿಂದೆದ್ದು ಬಂದು ಆತನ ಕಾಲಿನ ಬೂಟು ತಾನೇ ಕಳಚಿಹಾಕಿದಳು. "ಎಲ್ಲಿಗೂ ಹೋಗ್ಬೇಡಿ. ಸರೀರಿ ಆ ಕಡೆ," ಎಂದು ದಿಂಬು ತೆಗೆದು, ಆತನನ್ನು ಬಿಸಿಯಿದ್ದ ಜಾಗಕ್ಕೇ ದಬ್ಬಿ, ತಾನು ಅಂಚಿನ ತಣ್ಣನೆಯ ಹಾಸಿನ ಮೇಲೆ ಮೈ ಚಾಚಿದಳು. ಅಬ್ಬಾ, ಅದೇನು ಚಳಿ! ಬೆನ್ನುಹುರಿಯವರೆಗೂ ಕೊರೆಯಿತು. ಇದನ್ನೇ ಈ ಮನುಷ್ಯ ದಿನವೂ ಸಹಿಸಿದ್ದು.

ಆಕೆ ಕತ್ತಲಲ್ಲಿ ವಿಷಯ ಹೇಳಿದಳು. ಹಗಲು ಪಾಳಿ, ಮೇಲ್ವಿಚಾರಕಿ, ಸೋಮವಾರ, ಎಲ್ಲವನ್ನೂ. ಆತನಿಗೆ ಕೇಳಿಸಿದಂತಿರಲಿಲ್ಲ. ಗಿರಣಿಯ ಅಭ್ಯಾಸ, ಬರೀ ತುಟಿ ಅಲ್ಲಾಡಿತ್ತೋ ಏನೋ. ಆತನ ಉಸಿರು ಆಗಲೇ ಭಾರವಾಗಿತ್ತು, ಸ್ವಲ್ಪದರಲ್ಲೇ ಗೊರಕೆಯಾಯಿತು. ಇಂಥ ಗೊರಕೆಯ ನಡುವೆ ಯಾರಾದರೂ ನಿದ್ದೆ ಮಾಡಿದರೆ ಕೇಳಿ ಎಂದು ಆಕೆ ಗೊಣಗಿದಳು. ಆದರೆ ಸಾವಿರ ಉಂಡೆಗಳ ಗದ್ದಲದಲ್ಲಿ ನಿಂತು ತೂಕಡಿಸಿದವಳಿಗೆ ಗೊರಕೆ ಯಾವ ಲೆಕ್ಕ? ಗೊಣಗು ಮುಗಿಯುವ ಮೊದಲೇ ಸತ್ತ ಹಾಗೆ ನಿದ್ದೆ ಹೋದಳು.

ಭಾನುವಾರ ಬಾಗಿಲು ಬಡಿದದ್ದು ವಸತಿಗೃಹದ ಯಜಮಾನಿ. "ಬದುಕಿದ್ದೀರೇನ್ರೀ? ಹಿಂತಿರುಗೋ ಬಸ್ಸು ಬಂದು ನಿಂತಿದೆ!" ಇಬ್ಬರೂ ದಡಬಡಿಸಿ ಎದ್ದರು. ಕೋಳಿ ಕೂಗುವ ಮೊದಲೇ ಏಳುವ ಬಡಗಿ, ಮಧ್ಯಾಹ್ನದವರೆಗೆ ಬಿದ್ದುಕೊಂಡಿದ್ದ. ವರ್ಷಗಟ್ಟಲೆಯ ಸುಸ್ತು ಕಾದು ಕೂತಿತ್ತೋ ಏನೋ, ಸಿಕ್ಕಿದ್ದೇ ಸಾಕೆಂದು ಇಬ್ಬರನ್ನೂ ಕೆಡವಿತ್ತು. ಪಕ್ಕದ ಕೋಣೆಯವರು ಹೇಳಿದ ಪ್ರಕಾರ ಬೆಳಿಗ್ಗೆ ಒಂದಿಷ್ಟು ಹೊತ್ತು ಮಂಜು ಸರಿದು, ಕಣಿವೆ, ನದಿ, ದೂರದ ಊರು ಎಲ್ಲವೂ ಕಂಡಿದ್ದವಂತೆ. ಇವರು ಬಸ್ಸಿನ ಮೆಟ್ಟಿಲು ಹತ್ತುವಾಗ ಮತ್ತೆ ಬಿಳಿ ಗೋಡೆ. ಬೆಟ್ಟಕ್ಕೆ ಹೋಗಿ ಬೆಟ್ಟ ನೋಡದೆ ಬಂದ ಜೋಡಿ ಎಂದು ಎದುರುಮನೆಯಾಕೆ ಇನ್ನೊಂದು ವರ್ಷ ನಗಾಡುವುದು ಖಂಡಿತ.

ಬಸ್ಸು ಇಳಿಜಾರು ಹಿಡಿಯಿತು. ಮೊದಲ ತಿರುವಿನಲ್ಲೇ ಗಿರಣಿಯಕ್ಕ ಗಂಡನ ಕಿವಿಯ ಕಡೆ ತಿರುಗಿದಳು. ಈ ಸಲ ತುಟಿಯನ್ನು ನಂಬಲಿಲ್ಲ.

"ನಂಗೆ ಹಗಲು ಪಾಳಿ ಕೊಡ್ತಾರಂತೆ! ನಾಳೆ ಹೇಳ್ಬೇಕು! ತಗೊಳ್ಳಲಾ?"

ಇಡೀ ಬಸ್ಸು ತಿರುಗಿತು. ಮುಂದಿನ ಸೀಟಿನ ಮುದುಕಿಯೊಬ್ಬಳು ಉತ್ತರಕ್ಕಾಗಿ ಪೂರ್ತಿ ತಿರುಗಿಯೇ ಕೂತಳು. ಬಡಗಿ ಮುಂದೆ ನೋಡುತ್ತಿದ್ದ.

"ಮಗಳು ಕೆಲಸಕ್ಕೆ ಅಂತ ಹೋದಾಗ್ಲೇ ಕೇಳ್ತೀಯ ಅಂದ್ಕೊಂಡಿದ್ದೆ," ಎಂದ ಕೊನೆಗೆ. "ಕೇಳ್ಲಿಲ್ಲ. ನಿಂಗೆ ರಾತ್ರಿಯೇ ಇಷ್ಟ ಏನೋ ಅಂತ ಸುಮ್ನಾದೆ."

"ನೀವು ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತಲ್ಲ!"

"ನೀನು ಯಾವಾಗ್ಲೂ ಮಲಗಿರ್ತಿದ್ದೆ."

ಮುದುಕಿ ಮೂಗಿನ ಮೇಲೆ ಬೆರಳಿಟ್ಟಳು. ಗಿರಣಿಯಕ್ಕನ ಸಿಟ್ಟು ಇನ್ನೇನು ಏರಬೇಕು, ಅಷ್ಟರಲ್ಲಿ ಬಡಗಿ ಜೇಬಿನಿಂದ ಕೀಲಿಕೈಯ ಉಂಗುರ ತೆಗೆದ. ಹೊಸ ಉಂಗುರ, ಬಿಗಿ. ಉಗುರು ಸಿಕ್ಕಿಸಿ ಎಳೆದ, ಜಾರಿತು, ಬಯ್ದುಕೊಂಡು ಮತ್ತೆ ಎಳೆದ. ಒಂದು ಕೀಲಿಕೈ ಬಿಡಿಸಿ ಆಕೆಯ ಅಂಗೈಯಲ್ಲಿಟ್ಟ. "ಇನ್ಮೇಲೆ ಹಗಲು ಮನೇಲಿ ಯಾರೂ ಇರಲ್ಲ. ಇಬ್ಬರ ಹತ್ರಾನೂ ಇರಬೇಕು. ಕಳೀಬೇಡ," ಎಂದು ಕೂಗಿದ. ಆ ಕೂಗು ಈಗ ಆಕೆಗೆ ಅಷ್ಟೇನೂ ಜೋರೆನಿಸಲಿಲ್ಲ.

ಚಳಿ ಬೆಟ್ಟದಿಂದ ಅವರ ಹಿಂದೆಯೇ ಇಳಿದು ಬಂದಿತ್ತು. ಊರಿನ ಬೀದಿಯಲ್ಲೂ ಜನ ಪೆಟ್ಟಿಗೆಯಿಂದ ಮತ್ತೆ ಉಣ್ಣೆ ತೆಗೆದು ತೊಟ್ಟಿದ್ದರು. ಗಿರಣಿಯಕ್ಕ ತನ್ನ ಕೀಲಿಕೈಯಿಂದ ಬೀಗ ತೆಗೆದಳು. ತನ್ನ ಮನೆಯ ಬೀಗ ತೆಗೆಯುವುದು ಅದೇ ಮೊದಲು, ಯಾವ ಕಡೆ ತಿರುಗಿಸಬೇಕೆಂದು ಬಡಗಿಯೇ ಹೇಳಿಕೊಡಬೇಕಾಯಿತು. ಒಳಗೆ ಕತ್ತಲು. ಬಾಗಿಲು ತೆರೆಯಲು ಎದ್ದು ಬರುವವರು ಯಾರೂ ಇರಲಿಲ್ಲ. ಅದು ಇಬ್ಬರಿಗೂ ವಿಚಿತ್ರವೆನಿಸಿತು, ಸ್ವಲ್ಪ ಭಯವೂ ಆಯಿತು. ಇನ್ನು ಮೇಲೆ ಬೆಳಿಗ್ಗೆ ಎದ್ದರೆ ಇಬ್ಬರೂ ಒಂದೇ ಹೊತ್ತಿಗೆ ಬಚ್ಚಲಿಗೆ ಓಡಬೇಕು, ಒಂದೇ ಒಲೆಯ ಮುಂದೆ ಡಿಕ್ಕಿ ಹೊಡೆಯಬೇಕು. ಪರದೆಯ ಜಗಳ ಅಲ್ಲಿಗೇ ಮುಗಿದಿದೆ ಎಂದು ಯಾರೂ ಅಂದುಕೊಳ್ಳಬಾರದು.

ಊಟವಾದ ಮೇಲೆ ಬಡಗಿ ಅಭ್ಯಾಸದಂತೆ ಲೋಟ ತೊಳೆದು ಒಲೆಯ ಮೇಲೆ ಬೋರಲು ಹಾಕಲು ಹೋಗಿ, ಆಕೆ ನೋಡುತ್ತಿದ್ದಾಳೆಂದು ಕೈಯಲ್ಲೇ ಹಿಡಿದು ನಿಂತ. ಆಮೇಲೆ ಮಲಗುವ ಕೋಣೆಯ ಕಡೆ ಹೆಜ್ಜೆ ಹಾಕಿದ.

"ಅಲ್ಲೇ ಇರಿ," ಎಂದು ಗಿರಣಿಯಕ್ಕ ಅವನನ್ನು ತಡೆದಳು. "ಇವತ್ತು ನಾನು ಮೊದಲು ಮಲಗ್ತೀನಿ. ಬಿಸಿಯಾದ ಮೇಲೆ ಕರೀತೀನಿ."